ಗೊಂಬೆಯ ಪರಕಾರಕ್ಕೆ ಗುಳೇದಗುಡ್ಡ ಖಣ: ಎಲ್ಲಿ ಒಪ್ಪುತ್ತದೆ, ಎಲ್ಲಿ ಕೈ ಕೊಡುತ್ತದೆ

ಬಾಗಲಕೋಟೆ ಜಿಲ್ಲೆಯ ಯಾವ ಮನೆಯ ಟ್ರಂಕು ತೆರೆದರೂ ನಾಲ್ಕಾರು ಖಣ (ಕುಬಸದ ತುಂಡು) ಸಿಗುತ್ತವೆ. ಉಡಿ ತುಂಬಿದಾಗ ಬಂದವು, ಯಾರಿಗೋ ಉಡಿ ತುಂಬಲೆಂದು ತಂದಿಟ್ಟವು, ಕುಬಸ ಹೊಲಿಸಲು ಸಾಲದೆ ಉಳಿದವು. ಗೊಂಬೆಗೆ ಬಟ್ಟೆ ಹೊಲಿಯುವವರ ಕಣ್ಣು ಮೊದಲು ಹೋಗುವುದು ಇವುಗಳ ಮೇಲೆಯೇ. ಬುಟ್ಟಾ (ನೇಯ್ದ ಹೂಚಿತ್ರ) ಚಿಕ್ಕದು, ದಡಿ (ನೇಯ್ದ ಅಂಚುಪಟ್ಟಿ) ಸಿದ್ಧವಾಗಿಯೇ ಇದೆ, ಹೊಳಪಿದೆ, ತುಂಡೂ ಚಿಕ್ಕದು. ಇದಕ್ಕಿಂತ ಒಳ್ಳೆಯ ಗೊಂಬೆ ಬಟ್ಟೆ ಇದೆಯೇ ಅನ್ನಿಸುತ್ತದೆ. ಕತ್ತರಿ ಹಾಕಿದ ಹತ್ತು ನಿಮಿಷಕ್ಕೆ ಅಂಚಿನ ಎಳೆಗಳೆಲ್ಲ ಮೇಜಿನ ಮೇಲೆ ಉದುರಿ ಬಿದ್ದಾಗ ಆ ಉತ್ಸಾಹ ಅರ್ಧ ಇಳಿಯುತ್ತದೆ.

ಈ ವಿಮರ್ಶೆ ಖಣವನ್ನು ಗೊಂಬೆಯ ಬಟ್ಟೆಯಾಗಿ ಮಾತ್ರ ನೋಡುತ್ತದೆ. ಕುಬಸಕ್ಕೆ ಅದು ಹೇಗೆ ಎಂಬುದು ಎಲ್ಲರಿಗೂ ಗೊತ್ತು. ಭೌಗೋಳಿಕ ಸೂಚಿಯ ಮಾನ್ಯತೆಯೂ ಅದಕ್ಕಿದೆ. ಆದರೆ ಮನುಷ್ಯರ ಮೈಗೆ ನೇಯ್ದ ಬಟ್ಟೆಯನ್ನು ಆರನೇ ಒಂದು ಅಳತೆಯ ಮೈಗೆ ತೊಡಿಸುವಾಗ ಲೆಕ್ಕವೇ ಬೇರೆ. ಇಲ್ಲಿನ ಅಳತೆಗಳೆಲ್ಲ 29 ಸೆಂ.ಮೀ. ಎತ್ತರದ, ಅಂದರೆ ಹನ್ನೊಂದೂವರೆ ಇಂಚಿನ ಫ್ಯಾಷನ್ ಗೊಂಬೆಗೆ. 1959ರಲ್ಲಿ ಬಾರ್ಬಿ ಬಂದಾಗಿನಿಂದ ಹೆಚ್ಚು ಚಾಲ್ತಿಯಲ್ಲಿರುವ ಅಳತೆ ಇದೇ, ಅಂಗಡಿಗಳಲ್ಲಿ ಸಿಗುವ ನಕಲುಗಳೂ ಹೆಚ್ಚುಕಡಿಮೆ ಇದೇ ಅಳತೆಯವು. ಎದೆ ಸುಮಾರು 13 ಸೆಂ.ಮೀ., ನಡು ಸುಮಾರು 9. ಮಾದರಿಯಿಂದ ಮಾದರಿಗೆ ಅರ್ಧ-ಒಂದು ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ. ಈ ಗಾತ್ರದಲ್ಲಿ ಅರ್ಧ ಸೆಂಟಿಮೀಟರ್ ಅಂದರೆ ನಮ್ಮ ಮೈಗೆ 3 ಸೆಂಟಿಮೀಟರ್ ಇದ್ದಂತೆ. ಆದ್ದರಿಂದ ಟೇಪು ನಂಬಬೇಡಿ. ಒಂದು ದಾರ ಸುತ್ತಿ, ಅದನ್ನು ಸ್ಕೇಲಿನ ಮೇಲೆ ಹಿಡಿದು ಅಳೆಯಿರಿ.

ಯಾವ ಖಣ?

ಖಣ ಎಂದು ಮಾರುವ ಬಟ್ಟೆಯಲ್ಲಿ ಮೂರು ಬಗೆ ಕೈಗೆ ಬರುತ್ತವೆ. ಹಳೆಯ ಕ್ರಮದ ಕೈಮಗ್ಗದ ಖಣದಲ್ಲಿ ಉದ್ದದ ಎಳೆ ರೇಷ್ಮೆ, ಅಡ್ಡದ ಎಳೆ ಹತ್ತಿ. ಎರಡನೆಯದರಲ್ಲಿ ರೇಷ್ಮೆಯ ಜಾಗಕ್ಕೆ ಆರ್ಟ್ ಸಿಲ್ಕ್ (ಕೃತಕ ರೇಷ್ಮೆ, ರೇಯಾನ್) ಬಂದಿರುತ್ತದೆ. ಮೂರನೆಯದು ಪವರ್‌ಲೂಮಿನ ಪಾಲಿಯೆಸ್ಟರ್. ಈಗ ಉಡಿಗೆ ಕೊಡುವವುಗಳಲ್ಲಿ ಬಹಳಷ್ಟು ಇದೇ. ಮುಟ್ಟಿ ನೋಡಿ ಹೇಳುತ್ತೇವೆ ಅನ್ನುವವರು ಅರ್ಧ ಸಲ ತಪ್ಪುತ್ತಾರೆ. ಉದ್ದದಿಂದ ಒಂದು, ಅಡ್ಡದಿಂದ ಒಂದು ಎಳೆ ಕಿತ್ತು, ಚಿಮಟಿಯಲ್ಲಿ ಹಿಡಿದು, ನೀರಿನ ತಟ್ಟೆಯ ಮೇಲೆ ಸುಟ್ಟು ನೋಡಿ. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಹತ್ತಿ ಮತ್ತು ಆರ್ಟ್ ಸಿಲ್ಕ್ ಕಾಗದದಂತೆ ಉರಿಯುತ್ತವೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಎರಡೂ ದಿಕ್ಕಿನ ಎಳೆ ಬೇರೆ ಬೇರೆಯಾಗಿ ಸುಡಲೇಬೇಕು. ಒಂದೇ ನೋಡಿದರೆ ಅರ್ಧ ಸತ್ಯ ಮಾತ್ರ ತಿಳಿಯುತ್ತದೆ.

ಇದು ಕುತೂಹಲಕ್ಕೆ ಮಾಡುವ ಪರೀಕ್ಷೆಯಲ್ಲ. ಇಸ್ತ್ರಿಯ ಬಿಸಿ, ಅಂಚು ಕಟ್ಟುವ ವಿಧಾನ, ತೊಳೆಯುವ ಕ್ರಮ ಮೂರೂ ಇದರ ಮೇಲೆ ನಿಂತಿವೆ. ಆರ್ಟ್ ಸಿಲ್ಕ್ ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ, ನೆನೆಸಿ ತಿಕ್ಕಿದರೆ ಹೊಲಿಗೆಯ ಪಕ್ಕದಲ್ಲೇ ಹರಿಯುತ್ತದೆ. ಪಾಲಿಯೆಸ್ಟರ್ ನೀರಿಗೆ ಹೆದರುವುದಿಲ್ಲ, ಬಿಸಿ ಇಸ್ತ್ರಿಗೆ ಕುಗ್ಗಿ ಮುದುಡುತ್ತದೆ. ಕೈಮಗ್ಗದ್ದು ಎರಡನ್ನೂ ತಕ್ಕಮಟ್ಟಿಗೆ ತಾಳಿಕೊಳ್ಳುತ್ತದೆ, ಎಳೆ ಬಿಡುವುದರಲ್ಲಿ ಮಾತ್ರ ಮೂರರಲ್ಲೂ ಮುಂದು.

ತೀರ್ಪು ಮೊದಲೇ ಹೇಳಿಬಿಡುವುದಾದರೆ, ಗಾಜಿನ ಕಪಾಟಿನಲ್ಲಿ ನಿಲ್ಲುವ ಗೊಂಬೆಗೆ ಕೈಮಗ್ಗದ ಖಣವೇ ಸರಿ. ಅದರ ನೆರಿಗೆ ಬೀಳುವ ರೀತಿ ಪಾಲಿಯೆಸ್ಟರಿಗೆ ಬರುವುದಿಲ್ಲ. ಐದಾರು ವರ್ಷದ ಮಗು ದಿನಕ್ಕೆ ಹತ್ತು ಸಲ ತೊಡಿಸಿ ಬಿಚ್ಚುವ ಗೊಂಬೆಗೆ ಪಾಲಿಯೆಸ್ಟರ್ ಖಣ, ಒಳಗೆ ಹತ್ತಿಯ ಅಸ್ತರ್. ಆರ್ಟ್ ಸಿಲ್ಕಿನದು ನೋಡಲು ಚೆಂದ, ಬಾಳಿಕೆಗೆ ಮೂರರಲ್ಲಿ ಕೊನೆ. ದುಡ್ಡು ಕೊಟ್ಟು ತರುವುದಾದರೆ ಅದನ್ನು ಬಿಟ್ಟುಬಿಡಿ. ಟ್ರಂಕಿನಲ್ಲೇ ಇದ್ದರೆ ಚಂಚಿ (ಪುಟ್ಟ ಚೀಲ), ಕೌದಿಗೆ (ಚಿಂದಿ ಹೊದಿಕೆಗೆ) ಬಳಸಿ.

ಬುಟ್ಟಾ, ದಡಿ, ದಿಕ್ಕು

ಅಂಗಡಿಯಲ್ಲಿ ಖಣವನ್ನು ಪೂರ್ತಿ ಬಿಚ್ಚಿಸಿ ನೋಡಿ. ಮುಕ್ಕೋನ ಮಡಿಕೆಯಲ್ಲಿ ಇಟ್ಟದ್ದನ್ನು ಹಾಗೇ ಕೊಂಡರೆ ಎರಡು ಪೆಟ್ಟು. ಒಂದು, ವರ್ಷಗಟ್ಟಲೆ ಮಡಿಕೆಯಲ್ಲಿದ್ದ ರೇಷ್ಮೆ ಎಳೆ ಆ ಗೆರೆಯಲ್ಲಿ ಸೋತಿರುತ್ತದೆ, ಬಣ್ಣವೂ ಮಾಸಿರುತ್ತದೆ. ಮಡಿಕೆಯ ಗೆರೆಯನ್ನು ಬೆಳಕಿಗೆ ಹಿಡಿದು ನೋಡಿ. ಚುಕ್ಕೆ ಚುಕ್ಕೆಯಾಗಿ ಬೆಳಕು ಹಾಯ್ದರೆ ಆ ಭಾಗ ಕೆಲಸಕ್ಕೆ ಬರುವುದಿಲ್ಲ. ಇನ್ನೊಂದು, ಮಡಿಕೆಯಲ್ಲಿ ಬುಟ್ಟಾದ ಅಂತರ ತಿಳಿಯುವುದಿಲ್ಲ. 1 ಸೆಂ.ಮೀ. ಬುಟ್ಟಾ ಗೊಂಬೆಯ ಮೇಲೆ ನಮ್ಮ ಮೈಮೇಲಿನ 6 ಸೆಂ.ಮೀ. ಹೂವಿನಂತೆ ಕಾಣುತ್ತದೆ. ಪೋಲಕಾದ (ರವಿಕೆಯ) ಎದೆಯಲ್ಲಿ ಒಂದೂವರೆ ಬುಟ್ಟಾ ಕೂತರೆ ಅದು ಕುಬಸದಂತೆ ಕಾಣುವುದಿಲ್ಲ, ಬಿಲ್ಲೆ ಅಂಟಿಸಿದಂತೆ ಕಾಣುತ್ತದೆ. 5 ಮಿ.ಮೀ. ಒಳಗಿನ ಚುಕ್ಕಿ, ಸಣ್ಣ ಹೂವು ಉತ್ತಮ. ದೊಡ್ಡ ಬುಟ್ಟಾದ ಖಣ ಇಷ್ಟವಾದರೆ ಪರಕಾರಕ್ಕೆ (ಲಂಗಕ್ಕೆ) ಮಾತ್ರ ಇಟ್ಟು, ಪೋಲಕಾವನ್ನು ಅದೇ ಬಣ್ಣದ ಸಾದಾ ಬಟ್ಟೆಯಲ್ಲಿ ಹೊಲಿಯಿರಿ.

ದಿಕ್ಕನ್ನು ಬಹುತೇಕರು ಮರೆಯುತ್ತಾರೆ. ದಡಿ ಖಣದ ಉದ್ದಕ್ಕೂ ಎರಡೂ ಬದಿ ಓಡುತ್ತದೆ. ಅದು ಪರಕಾರದ ಕೆಳಗೆ ಬರಬೇಕಾದರೆ ಬಟ್ಟೆಯನ್ನು ಅಡ್ಡ ತಿರುಗಿಸಬೇಕು. ಬುಟ್ಟಾಕ್ಕೆ ತಲೆ-ಬುಡ ಇದ್ದರೆ ಪರಕಾರದಲ್ಲಿ ಅದು ಮಲಗಿಕೊಳ್ಳಬಹುದು. ಮಗುವಿನ ಪರಕಾರದಲ್ಲಿ ನೆರಿಗೆಯೊಳಗೆ ಮುಚ್ಚಿಹೋಗುವ ಈ ದೋಷ, ಗೊಂಬೆಯಲ್ಲಿ ಕಣ್ಣಿಗೆ ಹೊಡೆಯುತ್ತದೆ. ಎಲ್ಲ ಕಡೆಯಿಂದಲೂ ಒಂದೇ ತೆರ ಕಾಣುವ ಬುಟ್ಟಾ ಆರಿಸಿದರೆ ಈ ತಲೆನೋವೇ ಇಲ್ಲ.

ದಡಿ ಅಗಲವಾಗಿದ್ದಷ್ಟೂ ಚೆಂದ ಎಂಬುದು ಸೀರೆಯ ಮಾತು. ಗೊಂಬೆಯ ಪರಕಾರದ ಉದ್ದವೇ 17 ಸೆಂ.ಮೀ.; ಅದರಲ್ಲಿ 5 ಸೆಂ.ಮೀ. ದಡಿ ಬಂದರೆ ಬುಟ್ಟಾಕ್ಕೆ ಜಾಗವಿಲ್ಲ. 2ರಿಂದ 3 ಸೆಂ.ಮೀ. ದಡಿ ಹದ.

ಒಂದು ಖಣದಲ್ಲಿ ಪರಕಾರ-ಪೋಲಕಾದ ಎಷ್ಟು ಜೋಡಿ ಆಗುತ್ತವೆ? ಪನ್ನಾ (ಬಟ್ಟೆಯ ಅಗಲ) ಮಗ್ಗದಿಂದ ಮಗ್ಗಕ್ಕೆ ಬೇರೆಯಾದ್ದರಿಂದ ಅಳೆದೇ ತಿಳಿಯಬೇಕು. 80 ಸೆಂ.ಮೀ. ಉದ್ದ, 75 ಸೆಂ.ಮೀ. ಪನ್ನಾದ ತುಂಡು ಎಂದು ಹಿಡಿಯೋಣ. ಪರಕಾರ ಒಂದಕ್ಕೆ 26 ಸೆಂ.ಮೀ. ದಡಿ ಬೇಕು. ಒಂದು ಬದಿಯಲ್ಲಿ ಮೂರು, ಎರಡೂ ಬದಿ ಸೇರಿ ಆರು ಪರಕಾರ. ಎರಡೂ ಕಡೆ 18 ಸೆಂ.ಮೀ. ಹೋದರೂ ನಡುವೆ 39 ಸೆಂ.ಮೀ. ಉಳಿಯುತ್ತದೆ, ಆರು ಪೋಲಕಾಕ್ಕೆ ಧಾರಾಳ. ಅಂದರೆ ಖಣದಲ್ಲಿ ಮೊದಲು ಮುಗಿಯುವುದು ಬಟ್ಟೆಯಲ್ಲ, ದಡಿ. ಪರಕಾರವನ್ನು 28ಕ್ಕೆ ಕತ್ತರಿಸಿದಿರೋ, ಆರಾಗಬೇಕಾದದ್ದು ನಾಲ್ಕಕ್ಕೆ ಇಳಿಯಿತು. ಕೈಮಗ್ಗದ ಖಣ ದುಬಾರಿ ಅನ್ನುವವರು ಈ ಲೆಕ್ಕ ಒಮ್ಮೆ ಹಾಕಿ ನೋಡಲಿ. 18 ಇಂಚಿನ ದೊಡ್ಡ ಗೊಂಬೆಯದಾದರೆ ನಡುವೇ ಸುಮಾರು 28 ಸೆಂ.ಮೀ., ಪರಕಾರಕ್ಕೆ 70 ಸೆಂ.ಮೀ. ದಡಿ, ಇದೇ ತುಂಡಿನಲ್ಲಿ ಎರಡರ ಮೇಲೆ ಆಗುವುದಿಲ್ಲ.

ಬಣ್ಣ ಬಿಡುವ ರೋಗ

"ಪಕ್ಕಾ ಬಣ್ಣ ಐತ್ರಿ ಅಕ್ಕಾರ, ಏನೂ ಆಗಂಗಿಲ್ಲ" ಎಂಬ ಮಾತು ಕುಬಸದ ಮಟ್ಟಿಗೆ ನಿಜವಿರಬಹುದು. ಗೊಂಬೆಯ ಮೈ ಮೃದುವಾದ ಪ್ಲಾಸ್ಟಿಕ್. ಬಟ್ಟೆಯ ಬಣ್ಣ ನಿಧಾನಕ್ಕೆ ಅದರೊಳಗೇ ಇಳಿಯುತ್ತದೆ. ಕೆಂಪು, ಕುಂಕುಮ, ಕಡುನೇರಳೆ, ಕಪ್ಪು ಈ ವಿಷಯದಲ್ಲಿ ಕುಖ್ಯಾತ, ಖಣದಲ್ಲಿ ಹೆಚ್ಚು ಸಿಗುವ ಬಣ್ಣಗಳೂ ಇವೇ. ಮೇಲ್ಮೈಗೆ ಅಂಟಿದ ಕಲೆಯಾದರೆ ಒರೆಸಬಹುದಿತ್ತು. ಒಳಗಿಳಿದದ್ದು ಸೋಪಿಗೆ ಬಗ್ಗುವುದಿಲ್ಲ.

ಕತ್ತರಿಸುವ ಮೊದಲು ಬಿಳಿ ಮಲ್ (ತೆಳು ಹತ್ತಿ) ಬಟ್ಟೆಯ ತುಂಡನ್ನು ಒದ್ದೆ ಮಾಡಿ ಖಣದ ಹಿಂಬದಿಗೆ ಇಟ್ಟು, ಮೇಲೆ ಭಾರ ಹೇರಿ ಅರ್ಧ ಗಂಟೆ ಬಿಡಿ. ಮಲ್ ಬಿಳಿಯಾಗಿಯೇ ಉಳಿದರೆ ಸರಿ. ಬಣ್ಣ ಹಿಡಿದರೆ ಖಣವನ್ನು ತಣ್ಣೀರಿನಲ್ಲಿ, ಶಾಂಪೂವಿನ ನಾಲ್ಕು ಹನಿ ಹಾಕಿ, ಹಿಂಡದೆ ಜಾಲಾಡಿಸಿ, ನೀರು ತಿಳಿಯಾಗುವವರೆಗೆ ಬದಲಿಸುತ್ತಾ ಹೋಗಿ. ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಎಂಬ ಅಜ್ಜಿಯ ಕಾಲದ ನಂಬಿಕೆ ಇಲ್ಲಿ ನಡೆಯುವುದಿಲ್ಲ. ಬಣ್ಣ ಹಾಕುವಾಗ ಉಪ್ಪಿಗೆ ಕೆಲಸವಿದೆ. ನೇಯ್ದು ಮಾರಿದ ಬಟ್ಟೆಯಲ್ಲಿ ಸಡಿಲಾಗಿ ಉಳಿದ ಬಣ್ಣವನ್ನು ಅದು ಹಿಡಿದಿಡಲಾರದು. ತೊಳೆದು ತೆಗೆಯುವುದೊಂದೇ ದಾರಿ.

ಇಷ್ಟಾದರೂ ಅಸ್ತರ್ ಬಿಡಬೇಡಿ. ಬಿಳಿ ಮಲ್ ಬಟ್ಟೆಯೇ ಬೇಕು, ಬಣ್ಣದ ಅಸ್ತರ್ ಹಾಕಿದರೆ ಉದ್ದೇಶವೇ ಹಾಳು. ಪೇಟೆಯಲ್ಲಿ ಕುಬಸಕ್ಕೆ ಕೊಡುವ ಅಸ್ತರ್ ಬಟ್ಟೆ ಗೊಂಬೆಗೆ ದಪ್ಪ. ಹಳೆಯ ಮಲ್ ದುಪಟ್ಟಾ, ತೊಳೆದು ತೊಳೆದು ಹೂವಿನಂತಾದದ್ದು, ಸಿಕ್ಕರೆ ಅದಕ್ಕೆ ಸಮ ಇನ್ನೊಂದಿಲ್ಲ.

ಎಳೆ ಬಿಡುವುದಕ್ಕೆ ಮದ್ದು

ಖಣದ ನಿಜವಾದ ದೌರ್ಬಲ್ಯ ಇದು. ನಯವಾದ ರೇಷ್ಮೆ ಎಳೆ ಹತ್ತಿಯ ಮೇಲೆ ಜಾರುತ್ತದೆ. ಬುಟ್ಟಾದ ಹಿಂಬದಿಯಲ್ಲಿ ಎಳೆಗಳು ಹಿಡಿತವಿಲ್ಲದೆ ತೇಲುತ್ತಿರುತ್ತವೆ. ದೊಡ್ಡ ಬಟ್ಟೆಯಲ್ಲಿ ಒಂದು ಇಂಚು ಮಾರ್ಜಿನ್ ಬಿಟ್ಟು ಪಾರಾಗಬಹುದು. ಗೊಂಬೆಯ ಕುಬಸದಲ್ಲಿ ಮಾರ್ಜಿನ್ನೇ 6 ಮಿ.ಮೀ., ಅದರಲ್ಲಿ 3 ಮಿ.ಮೀ. ಬಿಚ್ಚಿಹೋದರೆ ಹೊಲಿಗೆ ಗಾಳಿಯಲ್ಲಿ ನಿಂತಿರುತ್ತದೆ.

ಉಪಾಯ ಸರಳ: ಕತ್ತರಿಸಿದ ಮೇಲೆ ಅಂಟು ಹಚ್ಚಬೇಡಿ, ಅಂಟು ಹಚ್ಚಿದ ಮೇಲೆ ಕತ್ತರಿಸಿ. ಕಾಗದದ ಮಾದರಿ ಇಟ್ಟು ಹಿಂಬದಿಯಲ್ಲಿ ಸೋಪಿನ ಚೂರಿನಿಂದ ಗೆರೆ ಎಳೆಯಿರಿ. ಫೆವಿಕಾಲ್ ಒಂದು ಪಾಲು, ನೀರು ಎರಡು ಪಾಲು ಕಲಸಿ, ಸಣ್ಣ ಕುಂಚದಿಂದ ಆ ಗೆರೆಯ ಮೇಲೆಯೇ 2 ಮಿ.ಮೀ. ಅಗಲಕ್ಕೆ ತೆಳುವಾಗಿ ಎಳೆಯಿರಿ. ಪೂರ್ತಿ ಒಣಗಲಿ. ಆಮೇಲೆ ಆ ಅಂಟಿನ ಗೆರೆಯ ನಡುವೆ ಕತ್ತರಿ ಹಾಯಿಸಿದರೆ ಎರಡೂ ಬದಿಯ ಎಳೆ ಗಟ್ಟಿಯಾಗಿ ನಿಂತಿರುತ್ತವೆ. ಅಂಟು ಗಟ್ಟಿಯಿದ್ದರೆ ಬಟ್ಟೆಯ ಮುಂಬದಿಗೆ ಕಲೆಯಾಗಿ ಮೂಡುತ್ತದೆ, ಸೂಜಿಯೂ ಹಾಯುವುದಿಲ್ಲ. ಮೂಲೆಯ ಚೂರಿನ ಮೇಲೆ ಒಮ್ಮೆ ಪ್ರಯತ್ನಿಸಿ ನೋಡಿ. ಪದೇ ಪದೇ ನೀರಿಗೆ ಹಾಕಿದರೆ ಈ ಅಂಟು ಸಡಿಲುವುದೂ ನಿಜ. ಅದಕ್ಕೇ ಅಸ್ತರಿನೊಳಗೆ ಅಂಚು ಮುಚ್ಚಿಹೋಗುವಂತೆ ಹೊಲಿಯುವುದು.

ಬಣ್ಣವಿಲ್ಲದ ನೇಲ್ ಪಾಲಿಶ್ ಹಚ್ಚುವವರಿದ್ದಾರೆ. ಅದು ಗಟ್ಟಿ ನಿಲ್ಲುತ್ತದೆ, ಆದರೆ ರೇಷ್ಮೆಯ ಮೇಲೆ ಎಣ್ಣೆ ಬಿದ್ದಂತಹ ಕಪ್ಪು ಗೆರೆ ಬಿಡುತ್ತದೆ, ಅಂಚು ಗೊಂಬೆಯ ಮೈಗೆ ಚುಚ್ಚುವಷ್ಟು ಬಿರುಸಾಗುತ್ತದೆ. ಲಾಡಿಯ ತುದಿಗಷ್ಟೇ ಅದು ಸರಿ.

ಪಾಲಿಯೆಸ್ಟರ್ ಖಣಕ್ಕೆ ಇದ್ಯಾವುದೂ ಬೇಡ. ಹೊತ್ತಿದ ಊದಿನಕಡ್ಡಿಯ ತುದಿಯನ್ನು ಅಂಚಿಗೆ ತಾಗಿಸದೆ, ಒಂದೆರಡು ಮಿ.ಮೀ. ದೂರದಲ್ಲಿ ಸರಸರ ಹಾಯಿಸಿದರೆ ಎಳೆಗಳು ಕರಗಿ ಕೂಡಿಕೊಳ್ಳುತ್ತವೆ. ನಿಂತರೆ ತೂತು. ಇದೇ ಉಪಾಯ ಕೈಮಗ್ಗದ ಖಣದ ಮೇಲೆ ಮಾಡಿದರೆ ಅಂಚು ಕರಕಲಾಗುತ್ತದೆ, ಅಷ್ಟೇ. ಸುಟ್ಟು ನೋಡುವ ಪರೀಕ್ಷೆ ಮೊದಲೇ ಏಕೆ ಬೇಕಿತ್ತೆಂದು ಇಲ್ಲಿ ತಿಳಿಯುತ್ತದೆ.

ಪರಕಾರ

ದಡಿ ಕೆಳಗೆ ಬರುವಂತೆ 26 ಸೆಂ.ಮೀ. ಉದ್ದ, 17.6 ಸೆಂ.ಮೀ. ಎತ್ತರದ ತುಂಡು. ಕೆಳಗಿನದು ಮಗ್ಗದಲ್ಲೇ ಮುಗಿದ ಅಂಚಾದ್ದರಿಂದ ಮಡಚಿ ಹೆಮ್ಮಿಂಗ್ ಮಾಡಬೇಕಿಲ್ಲ. ಗೊಂಬೆಯ ಬಟ್ಟೆಗೆ ಖಣ ಕೊಡುವ ದೊಡ್ಡ ಉಪಕಾರವಿದು. ಕೆಳಗಿನ ಹೆಮ್ಮಿಂಗಿನ ದಪ್ಪದಿಂದಲೇ ಎಷ್ಟೋ ಲಂಗಗಳು ಗಂಟೆಯಂತೆ ಅಗಲಿಸಿ ನಿಲ್ಲುತ್ತವೆ.

ಎರಡೂ ಪಕ್ಕದ ಅಂಚನ್ನು 6 ಮಿ.ಮೀ. ಒಳಮಡಚಿ ಇಸ್ತ್ರಿ ಮಾಡಿದರೆ 24.8 ಸೆಂ.ಮೀ. ಉಳಿಯುತ್ತದೆ. ಇದನ್ನು ದಾರ ಎಳೆದು ಸುಕ್ಕು ಮಾಡಬೇಡಿ. ಖಣ ಬಿರುಸು, ಸುಕ್ಕು ಮಾಡಿದರೆ ನಡುವಿನಲ್ಲಿ ಟೈರು ಕಟ್ಟಿದಂತಾಗುತ್ತದೆ. ಎಣಿಸಿ ನೆರಿಗೆ ಹಾಕಿ: ಒಂದು ತುದಿಯಲ್ಲಿ 1 ಸೆಂ.ಮೀ. ಸಪಾಟು ಬಿಡಿ, ಉಳಿದದ್ದರಲ್ಲಿ 9 ನೆರಿಗೆ. ಪ್ರತಿ ನೆರಿಗೆಯೂ ಮೇಲೆ 1 ಸೆಂ.ಮೀ. ಕಾಣಬೇಕು, ಒಳಮಡಿಕೆಗೆ ಸುಮಾರು 1.6 ಸೆಂ.ಮೀ. ಹೋಗಬೇಕು. ಮೇಲಿನ ಅಗಲ ಸರಿಯಾಗಿ 10 ಸೆಂ.ಮೀ. ಬರುತ್ತದೆ: ನಡು 9, ಒಂದರ ಮೇಲೊಂದು ಕೂರಲು 1. ಸಪಾಟು ಬಿಟ್ಟ ಭಾಗ ಬಟನ್ನಿನ ಅಡಿಗೆ ಹೋಗುತ್ತದೆ. ಅಲ್ಲೂ ನೆರಿಗೆ ಹಾಕಿದರೆ ಬಟನ್ ಒತ್ತಿದರೂ ಕೂರುವುದಿಲ್ಲ.

ನೆರಿಗೆಗಳನ್ನು ಕಚ್ಚಾ ಹೊಲಿಗೆಯಿಂದ ಮೇಲೆ, ನಡುವೆ, ಕೆಳಗೆ ಮೂರು ಸಾಲು ಹಿಡಿದು, ಹಿಂಬದಿಯಿಂದ ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಒತ್ತಿ. ತಳ್ಳಬೇಡಿ, ಎತ್ತಿ ಇಡಿ. ತಣ್ಣಗಾಗುವವರೆಗೆ ಮೇಲೆ ಒಂದು ದಪ್ಪ ಪುಸ್ತಕ ಹೇರಿ. ಬಿಸಿಯಿದ್ದಾಗಲೇ ದಾರ ಕಿತ್ತರೆ ನೆರಿಗೆ ಎದ್ದು ಬರುತ್ತದೆ.

ನಡುಪಟ್ಟಿ ಖಣದ್ದು ಬೇಡ, ಮಲ್ ಬಟ್ಟೆಯದು ಸಾಕು. 11.2 ಸೆಂ.ಮೀ. ಉದ್ದ, 3 ಸೆಂ.ಮೀ. ಅಗಲ. ಎಲ್ಲ ಕಡೆ 6 ಮಿ.ಮೀ. ಮಾರ್ಜಿನ್ ಹೋಗಿ ಮಡಚಿದಾಗ 9 ಮಿ.ಮೀ. ಪಟ್ಟಿಯಾಗುತ್ತದೆ. ಇದರ ಮೇಲೆ ಪೋಲಕಾ ಇಳಿಯುತ್ತದೆ, ಅದರ ಮೇಲೆ ಡಾಬು (ಸೊಂಟಪಟ್ಟಿ) ಬರುತ್ತದೆ. ಯಾರ ಕಣ್ಣಿಗೂ ಬೀಳದ ಜಾಗಕ್ಕೆ ದಪ್ಪ ಬಟ್ಟೆ ಸುರಿಯುವುದೇಕೆ? ಲಾಡಿ ಸೇರಿಸಿದರೆ ಅಸಲಿ ಪರಕಾರದಂತೆ ಇರುತ್ತದೆ ಎಂಬ ಆಸೆ ಸಹಜ, ಆದರೆ ಲಾಡಿಯ ಗಂಟು ಗೊಂಬೆಯ ಹೊಟ್ಟೆಯ ಮೇಲೆ ಕಡಲೆಕಾಳಿನಂತೆ ಉಬ್ಬುತ್ತದೆ. ಸಣ್ಣ ಟಿಚ್ ಬಟನ್ ಒಂದು ಸಾಕು. ವೆಲ್ಕ್ರೋ ಖಣದ ಹತ್ತಿರ ಸುಳಿಯಬಾರದು. ಅದರ ಮುಳ್ಳು ಬುಟ್ಟಾದ ತೇಲುವ ಎಳೆಗಳನ್ನು ಒಂದೊಂದಾಗಿ ಕಿತ್ತು ತರುತ್ತದೆ, ಗೊಂಬೆಯ ಕೂದಲನ್ನೂ ಬಿಡುವುದಿಲ್ಲ.

ಹಿಂದಿನ ಹೊಲಿಗೆಯನ್ನು ಮೇಲಿನ 5 ಸೆಂ.ಮೀ. ಬಿಟ್ಟು ಕೆಳಗಿನವರೆಗೆ ಹಾಕಿ. ಬಿಟ್ಟ ಜಾಗ ಕಡಿಮೆಯಾದರೆ ಗೊಂಬೆಯ ಸೊಂಟ ಹಾಯುವುದಿಲ್ಲ, ಎಳೆದು ಹಾಕಿದರೆ ಹರಿಯುವುದು ಅಲ್ಲೇ.

ಪೋಲಕಾ

ಖಣ ಮತ್ತು ಅಸ್ತರ್ ಎರಡರಲ್ಲೂ ಒಂದೇ ಅಳತೆ. ಮುಂಭಾಗ 8 ಸೆಂ.ಮೀ. ಅಗಲ, ಹಿಂಭಾಗ ಎರಡು ತುಂಡು, ಒಂದೊಂದೂ 5.1 ಸೆಂ.ಮೀ. ಹೊಲಿದು ಮುಗಿದಾಗ ಸುಮಾರು 13.5 ಸೆಂ.ಮೀ. ಸುತ್ತಳತೆ, ಮೇಲೆ 1 ಸೆಂ.ಮೀ. ಬಟನ್ನಿಗೆ. ಎದೆ 13 ಇರುವಾಗ ಅರ್ಧ ಸೆಂ.ಮೀ. ಹೆಚ್ಚು ಏಕೆ ಎಂದರೆ ಬಟ್ಟೆಯ ದಪ್ಪಕ್ಕೆ. ತೆಳು ಹತ್ತಿಯ ಮಾದರಿಯನ್ನು ಖಣಕ್ಕೆ ಹಾಗೇ ಬಳಸಿದವರ ಪೋಲಕಾ ಹಿಂದೆ ಕೂಡುವುದೇ ಇಲ್ಲ. ಮೊದಲೊಂದು ಮಾದರಿಯನ್ನು ಹಳೆಯ ಬೆಡ್‌ಶೀಟಿನಲ್ಲಿ ಹೊಲಿದು ನೋಡಿ. ದಪ್ಪ ಹೆಚ್ಚುಕಡಿಮೆ ಖಣ-ಅಸ್ತರ್ ಸೇರಿದಷ್ಟೇ ಇರುತ್ತದೆ.

ಮುಂಭಾಗದ ನಡುವೆ ಒಂದು ಬುಟ್ಟಾ ಅಥವಾ ಎರಡು ಬುಟ್ಟಾದ ಸರಿಮಧ್ಯ ಬರಬೇಕು. ಕಾಲು ಸೆಂಟಿಮೀಟರ್ ಸರಿದರೂ ಗೊಂಬೆ ವಾಲಿ ನಿಂತಂತೆ ಕಾಣುತ್ತದೆ. ಎರಡೂ ತೋಳಿಗೆ ದಡಿ ಬರಬೇಕೆಂದರೆ ಆರು ಪರಕಾರ ಕತ್ತರಿಸಿ ಉಳಿದ ದಡಿಯ ಚೂರು ನೆಚ್ಚಬೇಡಿ. ಒಂದೊಂದು ಬದಿಯಲ್ಲಿ 2 ಸೆಂ.ಮೀ. ಮಾತ್ರ ಉಳಿದಿರುತ್ತದೆ, ತೋಳಿಗೆ ಸಾಲುವುದಿಲ್ಲ. ಆದ್ದರಿಂದ ದಡಿಯ ತೋಳು ಬೇಕಾದವರು ಆರು ಜೋಡಿಯ ಆಸೆ ಬಿಟ್ಟು ಕಡಿಮೆಗೆ ತೃಪ್ತರಾಗಬೇಕು.

ಕ್ರಮ ಹೀಗೆ. ಮೊದಲು ಭುಜ ಕೂಡಿಸಿ. ಖಣದ್ದು ಬೇರೆ, ಅಸ್ತರಿನದು ಬೇರೆ. ಎರಡನ್ನೂ ಮುಖಕ್ಕೆ ಮುಖ ಇಟ್ಟು ಕುತ್ತಿಗೆ ಮತ್ತು ಹಿಂದಿನ ತೆರೆದ ಅಂಚುಗಳನ್ನು ಒಂದೇ ಓಟದಲ್ಲಿ ಹೊಲಿಯಿರಿ. ಕುತ್ತಿಗೆಯ ತಿರುವಿನಲ್ಲಿ ಹೊಲಿಗೆಯ ಮೇಲೆ ಇನ್ನೊಂದು ಹೊಲಿಗೆ ಹಾಕಿ, ಮಾರ್ಜಿನ್ನನ್ನು 3 ಮಿ.ಮೀ.ಗೆ ಇಳಿಸಿ, ಅಂಟು ಸವರಿ ಒಣಗಿದ ಮೇಲೆ ಕಚ್ಚು ಹಾಕಿ. ಅಂಟಿಲ್ಲದೆ ಕಚ್ಚು ಹಾಕಿದರೆ ಮಗುಚುವಾಗ ಎಳೆ ಬಿಚ್ಚಿ ಕಚ್ಚಿನ ಬಾಯಿ ಹೊಲಿಗೆ ದಾಟಿ ಮುಂಬದಿಗೆ ಬರುತ್ತದೆ. ಮಗುಚಿದ ಮೇಲೆ ತೋಳು. ಪಕ್ಕದ ಹೊಲಿಗೆಗಿಂತ ಮೊದಲು, ಬಟ್ಟೆ ಹಾಳೆಯಂತೆ ಬಿಚ್ಚಿಕೊಂಡಿರುವಾಗಲೇ ತೋಳು ಕೂಡಿಸಬೇಕು. ಇಷ್ಟು ಚಿಕ್ಕ ಸುತ್ತಿನೊಳಗೆ ಆಮೇಲೆ ಯಾವ ಯಂತ್ರದ ಪಾದವೂ ಹೋಗುವುದಿಲ್ಲ. ತೋಳಿನ ಬಾಯಿಯನ್ನೂ ಆಗಲೇ ಮಡಚಿ ಮುಗಿಸಿ. ಕೊನೆಗೆ ತೋಳಿನ ತುದಿಯಿಂದ ನಡುವಿನವರೆಗೆ ಪಕ್ಕದ ಹೊಲಿಗೆ ಒಂದೇ ಎಳೆತದಲ್ಲಿ.

ಯಂತ್ರದ ಬಗ್ಗೆ ಒಂದು ಮಾತು. ಮನೆಯ ಕರಿಯ ಯಂತ್ರದಲ್ಲಿ ಸಾಮಾನ್ಯವಾಗಿ 16 ನಂಬರ್ ಸೂಜಿ ಇರುತ್ತದೆ. ಅದು ಖಣದಲ್ಲಿ ಕಾಣುವಂಥ ತೂತು ಬಿಡುತ್ತದೆ, ರೇಷ್ಮೆ ಎಳೆಯನ್ನು ಕಡಿಯುತ್ತದೆ. 11 ನಂಬರ್ ಹಾಕಿ. ಹೊಲಿಗೆಯ ಉದ್ದ ಒಂದೂವರೆಯಿಂದ 2 ಮಿ.ಮೀ. ಶುರುವಿನಲ್ಲೇ ಬಟ್ಟೆ ಪ್ಲೇಟಿನ ತೂತಿಗೆ ಇಳಿದು ಸಿಕ್ಕಿಕೊಳ್ಳುವುದು ಎಲ್ಲರ ಗೋಳು. ಅಡಿಯಲ್ಲಿ ಬಟರ್ ಪೇಪರ್ ಇಟ್ಟು ಹೊಲಿದು ಆಮೇಲೆ ಹರಿದು ತೆಗೆಯಿರಿ. ಸುದ್ದಿಪತ್ರಿಕೆ ಇಟ್ಟರೆ ಅದರ ಮಸಿ ಅಸ್ತರಿಗೆ, ಅಲ್ಲಿಂದ ಗೊಂಬೆಗೆ. ಮೋಟಾರಿನ ಯಂತ್ರಕ್ಕಿಂತ ಕೈಯಿಂದ ತಿರುಗಿಸುವುದು ಈ ಕೆಲಸಕ್ಕೆ ಮೇಲು. ಕುತ್ತಿಗೆಯ ತಿರುವಿನಲ್ಲಿ ಒಂದೊಂದೇ ಹೊಲಿಗೆ ನಿಲ್ಲಿಸಿ ತಿರುಗಿಸಬಹುದು.

ತೊಡಿಸುವಾಗ ಗೊಂಬೆಯ ಬೆರಳು ಹಿಂಬದಿಯ ಎಳೆಗೆ ಸಿಗುತ್ತದೆ. ಅಂಗೈಗೆ ತೆಳು ಪ್ಲಾಸ್ಟಿಕ್ ಚೂರು ಸುತ್ತಿ ತೋಳೊಳಗೆ ದಾಟಿಸಿ, ಆಚೆಯಿಂದ ಎಳೆದು ತೆಗೆಯಿರಿ.

ಸೀರೆಗೆ ಬೇಡ

ಖಣದಲ್ಲಿ ಗೊಂಬೆಗೆ ಸೀರೆ ಉಡಿಸುವ ಪ್ರಯತ್ನ ಸೋತದ್ದೆಂದೇ ತಿಳಿಯಿರಿ. ಅಳತೆಯೇನೋ ಕುಗ್ಗುತ್ತದೆ, ಬಟ್ಟೆಯ ದಪ್ಪ ಕುಗ್ಗುವುದಿಲ್ಲ. ಐದೂವರೆ ಮೀಟರ್ ಸೀರೆಯ ಆರನೇ ಒಂದು ಪಾಲು ಅಂದರೆ ಸುಮಾರು 92 ಸೆಂ.ಮೀ.; ಅಷ್ಟು ಖಣ ಸುತ್ತಿದರೆ ಗೊಂಬೆ ಹಾಸಿಗೆ ಸುತ್ತಿಕೊಂಡಂತೆ. ಇದೇ ಜಿಲ್ಲೆಯ ಇಳಕಲ್ ಸೀರೆ, ಉಟ್ಟು ಉಟ್ಟು ನವೆದದ್ದು, ಇದಕ್ಕೆ ಬರುತ್ತದೆ. ಅದರಲ್ಲೂ 75 ಸೆಂ.ಮೀ. ಉದ್ದ, 19 ಸೆಂ.ಮೀ. ಅಗಲ, ಮುಂದೆ ನಾಲ್ಕೇ ನೆರಿಗೆ. ಸೆರಗಿನ ತೋಪು ತೆನೆ ವಿನ್ಯಾಸವನ್ನು ಅಸಲಿ ಸೆರಗಿನಿಂದ ಕತ್ತರಿಸಿ ತಂದರೆ ಗಾತ್ರ ಹೊಂದುವುದಿಲ್ಲ. ಗೊಂಬೆಯ ಸೆರಗಿನಲ್ಲಿ ಒಂದೇ ತೆನೆ ಇಡೀ ಬೆನ್ನು ಮುಚ್ಚುತ್ತದೆ. ಸಾದಾ ಕೆಂಪು ಬಟ್ಟೆ ಕೂಡಿಸಿ, ಮೇಲೆ ಬಿಳಿಯ ಒಂಟಿ ಎಳೆಯಿಂದ ತೆನೆಗಳನ್ನು ಕೈಯಲ್ಲಿ ಹೊಲಿಯುವುದೇ ಲೇಸು. ಮೈಯ ಮೇಲೆ ಕಸೂತಿ ಬೇಕೆಂದರೆ ಗವಂತಿ (ಗೆರೆಯ ಹೊಲಿಗೆ), ಮುರ್ಗಿ (ಮೆಟ್ಟಿಲಿನಂಥ ಹೊಲಿಗೆ) ಮಾತ್ರ ಈ ಗಾತ್ರಕ್ಕೆ ಇಳಿಯುತ್ತವೆ. ಮೆಂತೆ (ಕ್ರಾಸ್ ಸ್ಟಿಚ್) ಹಾಕಿದರೆ ದಾರ ದಪ್ಪವಾಗಿ ಬಟ್ಟೆ ಮುದುಡುತ್ತದೆ.

ಮಗುಗೊಂಬೆಗೆ ಕುಂಚಿಗೆ

ಖಣ ತನ್ನ ಪೂರ್ತಿ ಚೆಲುವು ತೋರುವುದು ಕುಂಚಿಗೆಯಲ್ಲಿ, ಅಂದರೆ ಬೆನ್ನಿನ ಮೇಲೆ ಇಳಿಯುವ ಮಗುವಿನ ಟೊಪ್ಪಿಗೆಯಲ್ಲಿ. 30-35 ಸೆಂ.ಮೀ.ನ ಮಗುಗೊಂಬೆಗೆ ಬುಟ್ಟಾದ ಗಾತ್ರವೂ ಹೊಂದುತ್ತದೆ, ಖಣದ ಬಿರುಸು ಟೊಪ್ಪಿಗೆಯನ್ನು ಎತ್ತಿ ಹಿಡಿಯುತ್ತದೆ. ಗಲ್ಲದಿಂದ ನೆತ್ತಿ ಹಾದು ಇನ್ನೊಂದು ಗಲ್ಲದವರೆಗೆ ಒಂದು ಅಳತೆ, ಹಣೆಯಿಂದ ಹೆಡಕಿನವರೆಗೆ ಇನ್ನೊಂದು. ಎರಡಕ್ಕೂ 2 ಸೆಂ.ಮೀ. ಸೇರಿಸಿ ಆಯತ ಕತ್ತರಿಸಿ. ದಡಿ ಹಣೆಯ ಮೇಲೆ ಬರಲಿ. ನಡುವೆ ಮಡಚಿ ಹಿಂದಿನ ಅಂಚು ಕೂಡಿಸಿದರೆ ಟೊಪ್ಪಿಗೆಯಾಯಿತು. ಹಿಂದೆ ಏಳುವ ಚೂಪು ಮೂಲೆಯನ್ನು ಒಳಗಿನಿಂದ ಅಡ್ಡ ಹೊಲಿದು ಮುರಿಯಿರಿ. ಬೆನ್ನಿನ ಮೇಲೆ ಇಳಿಯುವ ಭಾಗಕ್ಕೆ ಕುತ್ತಿಗೆಯ ಸುತ್ತಳತೆಯ ಎರಡೂವರೆ ಪಟ್ಟು ಅಗಲದ ತುಂಡು, ನೆರಿಗೆ ಹಿಡಿದು ಕೂಡಿಸಿ. ಕೂಡಿಸಿದ ಜಾಗದಲ್ಲಿ ನಾಲ್ಕು ಪದರ ಬರುವುದರಿಂದ ಯಂತ್ರ ತಡವರಿಸುತ್ತದೆ. ಅಲ್ಲಿ ಕೈಹೊಲಿಗೆಯೇ ಗಟ್ಟಿ. ಲಾಡಿಗೆ ಸ್ಯಾಟಿನ್ ರಿಬ್ಬನ್ ಜಾರುತ್ತದೆ, ಹತ್ತಿಯ ಪಟ್ಟಿ ಇರಲಿ. ಅಂಚಿಗೆ ಜರಿ ಲೇಸ್ ಹಚ್ಚಿದರೆ ಆಟದ ಗೊಂಬೆಯಾದಲ್ಲಿ ಮಗುವಿನ ಕೆನ್ನೆಗೆ ಚುಚ್ಚದಂತೆ ತುದಿ ಒಳಗೆ ಮಡಚಿ.

ಒಡವೆ, ಚಂಚಿ, ಕೌದಿ

ಬೋರಮಾಳಕ್ಕೆ (ಗುಂಡಿನ ಸರಕ್ಕೆ) 11/0 ನಂಬರಿನ ಬಂಗಾರ ಬಣ್ಣದ ಗಾಜಿನ ಮಣಿ ಸಾಕೆಂದು ಎಲ್ಲರೂ ತರುತ್ತಾರೆ. ಅವು ಅಡ್ಡಕ್ಕೆ ಸುಮಾರು 2 ಮಿ.ಮೀ.; ನಮ್ಮ ಅಳತೆಯಲ್ಲಿ 12 ಮಿ.ಮೀ. ಗುಂಡು! 15/0 ಸಿಕ್ಕರೆ ಒಪ್ಪುತ್ತದೆ. 11/0 ಆದರೆ, ತೂತಿನ ದಿಕ್ಕಿನಲ್ಲಿ ಮಣಿ ಚಪ್ಪಟೆಯಾದ್ದರಿಂದ, 12 ಸೆಂ.ಮೀ. ಸರಕ್ಕೆ ಸುಮಾರು 85 ಮಣಿ ಹಿಡಿಯುತ್ತವೆ. ಸಾಮಾನ್ಯ ಸೂಜಿ ತೂರುವುದಿಲ್ಲ. ನೈಲಾನ್ ದಾರದ ತುದಿಯ ಎರಡು ಇಂಚಿಗೆ ನೇಲ್ ಪಾಲಿಶ್ ಹಚ್ಚಿ ಒಣಗಿಸಿದರೆ ಅದೇ ಸೂಜಿಯಾಗುತ್ತದೆ.

ಕಿವಿಗೆ ತಾಮ್ರದ ತಂತಿ ಚುಚ್ಚಲೇಬೇಡಿ. ತಾಮ್ರ ಕಿಲುಬು ಹಿಡಿದು ಸುತ್ತಲಿನ ಪ್ಲಾಸ್ಟಿಕ್ ಹಸಿರಾಗುತ್ತದೆ. ಹಳೆಯ ಗೊಂಬೆ ಕೂಡಿಡುವವರು ಹಸಿರು ಕಿವಿ ಎಂದು ಹೆಸರಿಟ್ಟಿರುವ ರೋಗವೇ ಇದು. ಝುಮಕಿಯನ್ನು ನೈಲಾನ್ ದಾರದಲ್ಲಿ ಕಟ್ಟಿ, ಇಲ್ಲವೇ ಸ್ಟೀಲ್ ಪಿನ್ ಬಳಸಿ. ಬಿಲ್ವಾರ, ಪಾಟಲಿ ಬಳೆಗಳಿಗೆ ಬಣ್ಣದ ಲೇಪವಿರುವ ಕ್ರಾಫ್ಟ್ ತಂತಿಯನ್ನು ಪೆನ್ಸಿಲಿನ ಮೇಲೆ ಸುತ್ತಿ, ಒಂದೊಂದು ಸುತ್ತನ್ನೂ ಬಾಯಿ ತೆರೆದಿರುವಂತೆ ಕತ್ತರಿಸಿ. ಮುಚ್ಚಿದ ಬಳೆ ಅಂಗೈ ದಾಟುವುದಿಲ್ಲ. ಡಾಬಿಗೆ 5 ಮಿ.ಮೀ. ಜರಿ ಲೇಸನ್ನು ಮಲ್ ಪಟ್ಟಿಯ ಮೇಲೆ ಹೊಲಿದು ಹಿಂದೆ ಟಿಚ್ ಬಟನ್. ನಡುಪಟ್ಟಿಯ ತಪ್ಪುಗಳೆಲ್ಲ ಅದರಡಿ ಮುಚ್ಚಿಹೋಗುತ್ತವೆ.

ಚಪ್ಪಲಿಗೆ ಅಥಣಿ ಕಡೆಯ ಕೊಲ್ಹಾಪುರಿ ಮಾದರಿ ಸೊಗಸು, ಆದರೆ ಪಾದ ಸಪಾಟಾಗಿರುವ ಗೊಂಬೆಗೆ ಮಾತ್ರ. ಹಿಮ್ಮಡಿ ಎತ್ತಿ ನಿಂತ ಪಾದಕ್ಕೆ ಅದು ನಿಲ್ಲದು. ಪಾದವನ್ನು ಕಾಗದದ ಮೇಲಿಟ್ಟು ಗೆರೆ ಹಾಕಿ, ಸುತ್ತ 1 ಮಿ.ಮೀ. ಬಿಟ್ಟು, ರೆಕ್ಸಿನ್ನಿನ ಎರಡು ಪದರ ಕತ್ತರಿಸಿ. ಪಟ್ಟಿಯ ತುದಿಗಳನ್ನು ಎರಡು ಪದರದ ನಡುವೆ ಸೇರಿಸಿ ಫೆವಿಬಾಂಡ್ ಹಚ್ಚಿ ಒತ್ತಿ.

ಚಂಚಿಗೆ ಖಣದ ಬುಟ್ಟಾ ಇರುವ ಚೂರು, 4 ಸೆಂ.ಮೀ. ಅಗಲ, 9 ಸೆಂ.ಮೀ. ಉದ್ದ. ಅಸ್ತರ್ ಸೇರಿಸಿ ಮಗುಚಿ, ಮೂರನೇ ಒಂದು ಭಾಗ ಮೇಲಕ್ಕೆ ಮಡಚಿ ಪಕ್ಕ ಹೊಲಿದರೆ ಬಾಯಿ ಮುಚ್ಚಲು ಉಳಿದ ಭಾಗ ಸಾಕು. ಇನ್ನೂ ಚಿಕ್ಕ ಚಿಂದಿಗಳಿಗೆ ಕೌದಿ ಇದ್ದೇ ಇದೆ. 15ಕ್ಕೆ 20 ಸೆಂ.ಮೀ. ಮಲ್ ಬಟ್ಟೆಯ ಎರಡು ಪದರದ ಮೇಲೆ ಚಿಂದಿ ಜೋಡಿಸಿ, 4 ಮಿ.ಮೀ. ಅಂತರದ ಸಾಲುಗಳಲ್ಲಿ ಓಟದ ಹೊಲಿಗೆ. ಹೊರಗಿನಿಂದ ಒಳಕ್ಕೆ ಸುತ್ತುತ್ತಾ ಬನ್ನಿ, ನಡುವಿನಿಂದ ಶುರುಮಾಡಿದರೆ ಅಂಚಿನ ಚಿಂದಿ ಸರಿಯುತ್ತಾ ಹೋಗುತ್ತದೆ. ಖಣದ ಚಿಂದಿಯ ಅಂಚನ್ನು ಇಲ್ಲೂ ಒಳಮಡಚಲೇಬೇಕು, ಹತ್ತಿಯ ಚಿಂದಿಯಂತೆ ಹಾಗೇ ಬಿಟ್ಟರೆ ಎರಡು ತಿಂಗಳಿಗೆ ಕೌದಿಗೆ ಗಡ್ಡ ಬರುತ್ತದೆ.

ಇಷ್ಟೆಲ್ಲ ಹೊಲಿದ ಜೋಡಿಯನ್ನು ಗೊಂಬೆಯ ಮೈಮೇಲೇ ವರ್ಷಗಟ್ಟಲೆ ಬಿಡಬೇಡಿ, ಅದರಲ್ಲೂ ನಮ್ಮ ಕಡೆಯ ಏಪ್ರಿಲ್-ಮೇ ಸೆಕೆಯಲ್ಲಿ. ಬಿಸಿಗೆ ಬಣ್ಣ ಇಳಿಯುವುದು ಜೋರಾಗುತ್ತದೆ. ಬಿಚ್ಚಿ, ಬಿಳಿ ಮಲ್ ಬಟ್ಟೆಯಲ್ಲಿ ಸುತ್ತಿ, ನೆರಿಗೆಗೆ ಅಡ್ಡ ಮಡಿಕೆ ಬೀಳದಂತೆ ಉದ್ದಕ್ಕೆ ಸುರುಳಿ ಸುತ್ತಿ ಇಡಿ. ಡಾಂಬರು ಗುಳಿಗೆಯನ್ನು ಗೊಂಬೆಯ ಡಬ್ಬಿಯೊಳಗೆ ಹಾಕಬೇಡಿ, ಅದರ ಆವಿ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಬಹುದು. ಒಣಗಿದ ಬೇವಿನ ಎಲೆ ಸಣ್ಣ ಗಂಟಿನಲ್ಲಿ ಕಟ್ಟಿ ಬಟ್ಟೆಯ ಪಕ್ಕ ಇಟ್ಟರೆ ಆಯಿತು.